ಒಂದು ಪೆನ್ನಿಯ ಅಂಚೆ

ಅರಸನು ಪ್ರಜೆಗಳಿಂದ ಕರವನ್ನೆತ್ತುವಾಗ, ಪುಷ್ಪವನ್ನು ಬಾಧಿಸದೆ ಮಧುವನ್ನು ಸಂಗ್ರಹಿಸುವ ಭ್ರಮರದಂತೆ ವರ್ತಿಸಬೇಕೆಂದು ನಮ್ಮ ಪ್ರಾಚೀನ ನೀತಿಕಾರರು ವಿಧಿಸಿರುವರು. ಈ ತತ್ತ್ವವನ್ನು ಮರೆತುದರಿಂದಾದ ಹಾನಿಗೂ, ಮರಳಿ ಹಿಡಿದುದರಿಂದಾದ ಲಾಭಕ್ಕೂ ಇಂಗ್ಲೆಂಡಿನ ಅಂಚೆಯ ಇತಿಹಾಸವು ಒಳ್ಳೆಯ ನಿದರ್ಶನವಾಗಿರುವುದು.

1815ರಲ್ಲಿ ಆ ದೇಶದ ಅಂಚೆಯ ನಿವ್ವಳ ಆದಾಯವು ಸುಮಾರು 15½ ಲಕ್ಷ ಪೌಂಡುಗಳಷ್ಟಿದ್ದಿತು. 1835ರಲ್ಲಿಯೂ ಅದು ಅಷ್ಟೇ. ಈ ಇಪ್ಪತ್ತು ವರ್ಷಗಳಲ್ಲಿ ಜನಸಂಖ್ಯೆ ಬೆಳೆಯಿತು, ವ್ಯಾಪಾರ ಬೆಳೆಯಿತು. ಅಂಚೆಯೊಂದು ಮಾತ್ರ ಬೆಳೆಯಲಿಲ್ಲ. ಕಾರಣವು ಗೂಢವಾದುದಲ್ಲ. ದೂರವನ್ನೂ ಹಾಳೆಗಳ ಸಂಖ್ಯೆಯನ್ನೂ ಎಣಿಸಿ ದರವನ್ನು ಕಟ್ಟುತ್ತಿದ್ದರು. ಲಂಡನ್ನಿನಿಂದ ಎಡಿನ್‌ಬರೋ ನಗರಕ್ಕೆ ಒಂದು ಹಾಳೆಯ ಕಾಗದಕ್ಕೆ 13½ ಪೆನ್ನಿ; ಹೊಲದ ಕೂಲಿಯವನ ಅರ್ಧ ದಿನದ ದುಡಿಮೆಗೂ ಮಿಗಿಲು. ಆ ಹಣವನ್ನು ಬಹುಮಟ್ಟಿಗೆ ಪಡೆಯುವವನೇ ತೆರಬೇಕಾಗಿದ್ದಿತು. ಬಡವರು ಮೇಲ್ವಿಳಾಸದಲ್ಲಿಯೇ ಗುರುತುಗಳನ್ನಿಟ್ಟು ಕುಶಲವನ್ನು ತಿಳಿಸುವರು. ಪಡೆಯುವವರು ಅದನ್ನು ನೋಡಿ, ಕಾಗದವನ್ನು ಒಡೆಯದೆ ಹಿಂದಿರುಗಿಸುವರು. ಪಾರ್ಲಿಮೆಂಟಿನ ಸದಸ್ಯರ ಕಾಗದಗಳಾದರೋ ಪುಕ್ಕಟೆಯಾಗಿ ಹೋಗುತ್ತಿದ್ದುವು.

ಈ ರೋಗದ ಮೂಲವನ್ನು ಕಂಡವನು ಅಂಚೆಯ ಅಧಿಕಾರಿಯಲ್ಲ, ರೋಲೆಂಡ್ ಹಿಲ್ ಎಂಬ ಉಪಾಧ್ಯಾಯ. 1837ರಲ್ಲಿ ಅವನು ಪ್ರಕಟಿಸಿದ ಚಿಕ್ಕ ಪುಸ್ತಕದಲ್ಲಿ, ಎಡಿನ್‌ಬರೋವಿಗೆ ಒಂದು ಕಾಗದವನ್ನು ಸಾಗಿಸುವ ನಿಜವಾದ ವೆಚ್ಚವು ಪೆನ್ನಿಯ ಮೂವತ್ತಾರನೆಯ ಒಂದು ಭಾಗ ಮಾತ್ರವೆಂದು ಲೆಕ್ಕದಿಂದ ತೋರಿಸಿದನು. ಹಣವು ವ್ಯಯವಾಗುತ್ತಿದ್ದುದು ದಾರಿಯಲ್ಲಿ ಅಲ್ಲ. ಪ್ರತಿಯೊಂದು ಕಾಗದಕ್ಕೂ ದರವನ್ನು ಗುಣಿಸಿ, ಬರೆದು, ಮನೆ ಮನೆಯಲ್ಲಿ ವಸೂಲು ಮಾಡುವುದರಲ್ಲಿ. ಆದುದರಿಂದ ಅರ್ಧ ಔನ್ಸಿನ ಕಾಗದಕ್ಕೆ, ದೂರವೆಷ್ಟೇ ಇರಲಿ, ಒಂದೇ ಪೆನ್ನಿಯನ್ನು ಮುಂಗಡವಾಗಿ ತೆಗೆದುಕೊಳ್ಳಬೇಕೆಂಬುದು ಅವನ ಸಲಹೆ. ಅಧಿಕಾರಿಗಳು ವಿರೋಧಿಸಿದರು, ವರ್ತಕರು ಬೆಂಬಲವಿತ್ತರು. 1840ನೆಯ ಜನವರಿ 10ರಿಂದ ಹೊಸ ದರವು ಜಾರಿಗೆ ಬಂದು, ಪುಕ್ಕಟೆಯ ಹಕ್ಕು ರದ್ದಾಯಿತು. ಮೇ 6ರಿಂದ ವಿಕ್ಟೋರಿಯಾ ರಾಣಿಯ ಮುಖಚಿತ್ರವುಳ್ಳ ಕಪ್ಪು ಸ್ಟಾಂಪು ಬಳಕೆಗೆ ಬಂದಿತು.

ಫಲವೇನಾಯಿತು? 1839ರಲ್ಲಿ ಸುಮಾರು 7.6 ಕೋಟಿಯಿದ್ದ ಕಾಗದಗಳು ಮರುವರ್ಷ 16.9 ಕೋಟಿಯಾದುವು. ಆದರೆ ನಿವ್ವಳ ಆದಾಯವು 16 ಲಕ್ಷದಿಂದ 5 ಲಕ್ಷ ಪೌಂಡುಗಳಿಗೆ ಇಳಿಯಿತು. ವಿರೋಧಿಗಳಿಗೆ ಅಷ್ಟೇ ಸಾಕಾಯಿತು. 1842ರಲ್ಲಿ ಹಿಲ್ಲನನ್ನು ಹುದ್ದೆಯಿಂದ ಬಿಡಿಸಿದರು. 1846ರಲ್ಲಿ ಮತ್ತೆ ಕರೆಯಿಸಿಕೊಂಡರು. 1854ರಲ್ಲಿ ಅವನೇ ಇಲಾಖೆಯ ಕಾರ್ಯದರ್ಶಿಯಾದನು. ಹಳೆಯ ನಿವ್ವಳ ಆದಾಯವು ಮರಳಿ ಕೈಸೇರುವುದಕ್ಕೆ ಎರಡು ದಶಕಗಳಿಗೂ ಮಿಕ್ಕ ಕಾಲ ಹಿಡಿಯಿತು. ಬಿತ್ತಿದ ದಿನವೇ ಬೆಳೆಯನ್ನು ಕೊಯ್ಯಲಾಗದಷ್ಟೆ.

ಈ ಮಾರ್ಗವನ್ನೇ ಹಿಂದೂದೇಶದಲ್ಲಿ ಡಾಲ್‌ಹೌಸಿಯ ಆಡಳಿತವು ಹಿಡಿಯಿತು. ಮೊದಲು ಕಲ್ಕತ್ತೆಯಿಂದ ಮುಂಬಯಿಗೆ ಒಂದು ತೊಲ ತೂಕದ ಕಾಗದಕ್ಕೆ ಒಂದು ರೂಪಾಯಿ ತಗಲುತ್ತಿದ್ದಿತು. 1854ನೆಯ ಅಕ್ಟೋಬರ್ 1ರಿಂದ ಕಾಲು ತೊಲದ ಕಾಗದವು ಎಷ್ಟೇ ದೂರವಾದರೂ ಅರ್ಧ ಆಣೆಗೆ ಹೋಗತೊಡಗಿತು. ಮೈಸೂರು ಸಂಸ್ಥಾನದ ಸ್ವಂತ ಅಂಚೆಯು 1889ರಲ್ಲಿ ಈ ವ್ಯವಸ್ಥೆಯಲ್ಲಿ ಲೀನವಾಯಿತು.

ಕಾಗದ ಬರೆಯುವವರೇ ವಿರಳರಾಗಿ ಅನೇಕ ರಾಷ್ಟ್ರಗಳ ಅಂಚೆಯು ನಷ್ಟಕ್ಕೆ ಸಿಲುಕಿರುವ ಈ ಕಾಲದ ರೋಗಕ್ಕೆ ಹಿಲ್ಲನ ಔಷಧವೇ ಸಲ್ಲುವುದೆನ್ನಲಾಗದು. ಆದರೆ ಅವನ ನಾಡೀಪರೀಕ್ಷೆಯ ಕ್ರಮವು ಇಂದಿಗೂ ಸಲ್ಲುವುದು. ಕೊಡುವವನ ಕೈಯನ್ನು ಹಿಂಡುವ ಮುನ್ನ, ಪಾತ್ರೆಯು ಎಲ್ಲಿ ಸೋರುತ್ತಿದೆಯೆಂಬುದನ್ನು ನೋಡಬೇಕು.