ಮಂದದೃಷ್ಟಿಯವರ ಕೈಗೊಂದು ಪ್ರಶ್ನೆಪತ್ರಿಕೆ

ದಿನಪತ್ರಿಕೆ ಓದುವಾಗಲೋ ಟೀವಿ ನೋಡುವಾಗಲೋ ಮನಸ್ಸು ನಿಲ್ಲದೆ ತೊಂದರೆಯಾಗಿದೆಯೇ? ಖಿನ್ನತೆಯ ತಪಾಸಣೆಗೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ‘ಪಿಎಚ್‌ಕ್ಯೂ-9’ ಪಟ್ಟಿಯ ಏಳನೆಯ ಪ್ರಶ್ನೆಯ ತಾತ್ಪರ್ಯ ಇದು. ಅಕ್ಷಿಪಟಲದ ನಡುಭಾಗ ಸವೆದು, ಪತ್ರಿಕೆಯ ಅಕ್ಷರಗಳೆಲ್ಲ ಕಲಸಿಹೋದ ಎಪ್ಪತ್ತೈದರ ಮುದುಕ ಇದಕ್ಕೆ ಏನೆಂದು ಉತ್ತರಿಸಬೇಕು? ಪತ್ರಿಕೆ ಬಿಟ್ಟು ಎರಡು ವರ್ಷವಾಯಿತು ಎಂದರೆ ಅದು ಕಣ್ಣಿನ ಲೆಕ್ಕವೋ, ಮನಸ್ಸಿನ ಲೆಕ್ಕವೋ?

ಕಣ್ಣು ಹೋದವರ ದುಃಖವನ್ನು ಮೊದಲು ಯಾರೂ ಅಳೆಯಲು ಹೋಗಲಿಲ್ಲ. ಅದು ಇದ್ದದ್ದೇ ಎಂದುಕೊಂಡಿದ್ದರು. ಎರಡನೆಯ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಅಮೆರಿಕದ ಸೈನಿಕರ ನಡುವೆ ಕೆಲಸ ಮಾಡಿದ ಪಾದ್ರಿ ಥಾಮಸ್ ಕ್ಯಾರಲ್ 1961ರಲ್ಲಿ ಕುರುಡುತನದ ಬಗ್ಗೆ ಒಂದು ಪುಸ್ತಕ ಬರೆದರು. ದೃಷ್ಟಿಯ ಜೊತೆಗೆ ಹೋಗುವ 20 ನಷ್ಟಗಳನ್ನು ಅದರಲ್ಲಿ ಎಣಿಸಿದ್ದಾರೆ. ಕಣ್ಣುಳ್ಳ ಮನುಷ್ಯ ಸತ್ತ, ಅವನಿಗಾಗಿ ಅತ್ತು ಮುಗಿಸಿದ ಮೇಲೆಯೇ ಹೊಸ ಬಾಳು ಎಂಬುದು ಅವರ ವಾದ. ಅಂಧರ ಸಂಘಟನೆಯ ನಾಯಕ ಕೆನೆತ್ ಜೆರ್ನಿಗನ್ ಇದನ್ನು ಕಟುವಾಗಿಯೇ ಖಂಡಿಸಿದರು. ಕ್ಯಾರಲ್ ದುಃಖಕ್ಕೆ ಮರ್ಯಾದೆ ಕೊಟ್ಟರು, ನಿಜ. ಆದರೆ ಸೂತಕದ ಮನೆಯಲ್ಲಿ ಅಳುವವರನ್ನು ಕಾಯಿಲೆಯೇ ಎಂದು ಯಾರು ಕೇಳುತ್ತಾರೆ?

ಪೂರ್ತಿ ಕುರುಡರೂ ಅಲ್ಲದ, ಕಾಣುವವರೂ ಅಲ್ಲದ ಮಂದದೃಷ್ಟಿಯವರ ಕಥೆ ಇನ್ನೂ ತೊಡಕಿನದು. ಅವರಿಗೆಂದೇ 1953ರಲ್ಲಿ ನ್ಯೂಯಾರ್ಕ್‌ನಲ್ಲಿ ಕ್ಲಿನಿಕ್‌ಗಳು ತೆರೆದವು. ತಕ್ಕ ಮಸೂರ ಹೊಂದಿಸಿಕೊಡುವುದು ಅಲ್ಲಿನ ಮುಖ್ಯ ಕೆಲಸ.

ಇನ್ನು ಮನಸ್ಸನ್ನು ಅಳೆಯುವ ಮಾತಿಗೆ ಬಂದರೆ, 1980ರ ದಶಕದ ಆರಂಭದಲ್ಲಿ ವೃದ್ಧರಿಗಾಗಿಯೇ 30 ಪ್ರಶ್ನೆಗಳ ಖಿನ್ನತೆಯ ಪಟ್ಟಿ ಬಂತು. ಹೌದು, ಇಲ್ಲ ಎಂದರೆ ಸಾಕು. ನಿದ್ದೆ, ಹಸಿವು ವಯಸ್ಸಿನಿಂದಲೂ ಕೆಡುತ್ತವೆಂದು ಆ ಪ್ರಶ್ನೆಗಳನ್ನು ಜಾಣತನದಿಂದ ಕೈಬಿಟ್ಟಿದ್ದರು. ಆದರೆ ಹೊರಗೆ ಹೋಗುವುದಕ್ಕಿಂತ ಮನೆಯಲ್ಲಿರುವುದೇ ಇಷ್ಟವೇ ಎಂಬ ಪ್ರಶ್ನೆ ಉಳಿಯಿತು. ಮೆಟ್ಟಿಲು ಕಾಣದವರು ಹೌದು ಎನ್ನದೆ ಇನ್ನೇನೆಂದಾರು! 2001ರಲ್ಲಿ ಪ್ರಕಟವಾದ ಪಿಎಚ್‌ಕ್ಯೂ-9 ರೋಗಿಯೇ ಕಾಗದದ ಮೇಲೆ ತುಂಬಬೇಕಾದದ್ದು. ಓದಲಾಗದವರಿಗೆ ಜೊತೆಗೆ ಬಂದ ಮಗನೋ ಸೊಸೆಯೋ ಓದಿ ಹೇಳಬೇಕಾಗಬಹುದು. ಸಾಯುವ ಯೋಚನೆ ಬರುತ್ತದೆಯೇ ಎಂಬ ಒಂಬತ್ತನೆಯ ಪ್ರಶ್ನೆಯನ್ನು ಮಗ ಓದಿದಾಗ ಯಾವ ತಾಯಿ ನಿಜ ನುಡಿಯುತ್ತಾಳೆ?

ಕೇಳದೆ ಬಿಟ್ಟದ್ದರ ಬೆಲೆ ತಿಳಿದದ್ದು ತೀರ ಈಚೆಗೆ. ವೇಲ್ಸ್ ಮತ್ತು ಲಂಡನ್‌ನ ಮಂದದೃಷ್ಟಿ ಕ್ಲಿನಿಕ್‌ಗಳಿಗೆ ಬಂದ 1,008 ಜನರನ್ನು ಕಾರ್ಡಿಫ್‌ನ ಸಂಶೋಧಕರು ಪರೀಕ್ಷಿಸಿದರು. ಶೇಕಡಾ 43 ಮಂದಿಯಲ್ಲಿ ಗಣನೀಯ ಖಿನ್ನತೆಯ ಲಕ್ಷಣಗಳಿದ್ದವು, ಅವರಲ್ಲಿ ಮುಕ್ಕಾಲು ಪಾಲಿಗೆ ಯಾವ ಚಿಕಿತ್ಸೆಯೂ ಸಿಕ್ಕಿರಲಿಲ್ಲ. ಇದು ಪ್ರಕಟವಾದದ್ದು 2016ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ಫಿಲಡೆಲ್ಫಿಯಾದ ಬ್ಯಾರಿ ರೋವ್ನರ್ ತಂಡ ಇನ್ನೊಂದು ಮುಖವನ್ನು ತೋರಿಸಿತ್ತು. ಮಸೂರದ ಜೊತೆಗೆ, ಬಿಟ್ಟುಹೋದ ಇಷ್ಟದ ಕೆಲಸಗಳನ್ನು ಮತ್ತೆ ಹಿಡಿಯಲು ಮನೆಗೇ ಹೋಗಿ ಕಲಿಸಿದಾಗ, ನಾಲ್ಕು ತಿಂಗಳಲ್ಲಿ ಖಿನ್ನತೆಗೆ ಬಿದ್ದವರ ಪ್ರಮಾಣ, ಹಾಗೆ ಕಲಿಯದವರಿಗೆ ಹೋಲಿಸಿದರೆ, ಸುಮಾರು ಅರ್ಧಕ್ಕೆ ಇಳಿಯಿತು.

ವೇಲ್ಸ್ ದೇಶದ ಮಂದದೃಷ್ಟಿ ಸೇವೆ ಕೊನೆಗೆ ಹಿಡಿದದ್ದು ಸರಳ ದಾರಿ. 1997ರಲ್ಲಿ ಮೇರಿ ವೂಲಿ ಮತ್ತು ಸಂಗಡಿಗರು ಪರೀಕ್ಷಿಸಿದ್ದ ಎರಡೇ ಪ್ರಶ್ನೆಗಳು: ಕಳೆದ ಒಂದು ತಿಂಗಳಲ್ಲಿ ಮನಸ್ಸು ಕುಗ್ಗಿ ಸಂಕಟವಾಗಿದೆಯೇ, ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿದೆಯೇ. ಪತ್ರಿಕೆಯ ಮಾತೂ ಇಲ್ಲ, ಮೆಟ್ಟಿಲ ಮಾತೂ ಇಲ್ಲ. ಕನ್ನಡಕದ ಅಳತೆ ತೆಗೆಯುವವರಿಗೆ ಇದನ್ನು ಕೇಳುವುದೂ ಸುಲಭವಾಗಲಿಲ್ಲ. ಸಮಯವಿಲ್ಲ, ಧೈರ್ಯವಿಲ್ಲ ಎಂಬುದು ಅವರ ಅಳಲು.

ನಮ್ಮ ಮನೆಗಳಲ್ಲಿ ಇಂಥ ಕುಗ್ಗಿದ ಮನಸ್ಸಿಗೆ “ವಯಸ್ಸಾಯ್ತಲ್ಲ, ಬಿಡಿ” ಎಂಬ ಸಿದ್ಧ ಉತ್ತರವಿದೆ. ಅದನ್ನು ಒಂದು ದಿನ ಪಕ್ಕಕ್ಕಿಟ್ಟು, ಪತ್ರಿಕೆ ಮಡಿಸಿಟ್ಟು ಸುಮ್ಮನಾದ ಅಜ್ಜನನ್ನು ಆ ಎರಡು ಪ್ರಶ್ನೆ ಕೇಳಿ ನೋಡಿ. ಹೌದು ಎಂದರೆ ವೈದ್ಯರ ಬಳಿ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿಯ ಉಚಿತ ಸಂಖ್ಯೆ 14416. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ಯಾವ ಫಾರಂ ಓದುವ ಗೊಡವೆಯೂ ಇಲ್ಲ.