ಕೇಳುವವರಿಲ್ಲದ ಮನೆ: ‘ನಾಗಮಂಡಲ’ ರಂಗದಿಂದ ತೆರೆಗೆ ಬಂದ ಬಗೆ

ಬಿಗುವಿನ ಕೌಟುಂಬಿಕ ನಾಟಕವೊಂದನ್ನು ಸಿನಿಮಾ ಮಾಡುವಾಗ ಮುಖ್ಯ ತೊಡಕು ಮನೆಯ ನಾಲ್ಕು ಗೋಡೆಗಳದ್ದು ಎಂಬುದು ಬಹುಕಾಲದ ನಂಬಿಕೆ. ಕಥೆಯನ್ನು ಪಡಸಾಲೆಯಿಂದ ಬೀದಿಗೆ, ಹೊಲಕ್ಕೆ, ಹೊಳೆದಂಡೆಗೆ ತಂದುಬಿಟ್ಟರೆ ನಾಟಕ ತಾನಾಗಿ ಸಿನಿಮಾ ಆಗುತ್ತದೆ ಎಂದು ಎಷ್ಟೋ ನಿರ್ದೇಶಕರೂ ವಿಮರ್ಶಕರೂ ತಿಳಿದಿದ್ದಾರೆ. ಗಿರೀಶ ಕಾರ್ನಾಡರ ‘ನಾಗಮಂಡಲ’ವನ್ನೂ ಅದನ್ನು ಆಧರಿಸಿ ಟಿ.ಎಸ್. ನಾಗಾಭರಣ 1997ರಲ್ಲಿ ನಿರ್ದೇಶಿಸಿದ ಚಿತ್ರವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ತೊಡಕಿನ ಜಾಗ ಬೇರೆಯೇ ಎಂದು ತೋರುತ್ತದೆ. ಮನೆಯೊಳಗಿನ ಗುಟ್ಟು ಯಾರಿಗೆ ಗೊತ್ತು, ಅದಕ್ಕೆ ಕಿವಿಗೊಡುತ್ತಿರುವವರು ಯಾರು ಎಂಬ ಏರ್ಪಾಡಿನಿಂದಲೇ ಇಂಥ ನಾಟಕಕ್ಕೆ ಬಿಗುವು ಬರುತ್ತದೆ. ಆ ಏರ್ಪಾಡು ಸಡಿಲವಾದರೆ ಮಾತು, ಪಾತ್ರ, ಘಟನೆಗಳೆಲ್ಲ ಉಳಿದರೂ ನಾಟಕದ ಅರ್ಥ ಬದಲಾಗುತ್ತದೆ.

ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳನ್ನು ಹೆಣೆದು ಕಾರ್ನಾಡರು ಈ ನಾಟಕ ಕಟ್ಟಿದರು. ಹೆಂಡತಿ ರಾಣಿಯನ್ನು ಮನೆಯೊಳಗೆ ಕೂಡಿಹಾಕಿ, ಹೊರಗಿನಿಂದ ಬೀಗ ಜಡಿದು ಸೂಳೆಯ ಮನೆಗೆ ಹೋಗುವ ಗಂಡ ಅಪ್ಪಣ್ಣ. ರಾತ್ರಿ ಅವನದೇ ರೂಪದಲ್ಲಿ ಬಂದು ಅವಳಿಗೆ ಒಲಿಯುವ ನಾಗ. ಇದು ಒಂದು ಕಥೆ. ತನಗೆ ಗೊತ್ತಿದ್ದ ಕಥೆಯನ್ನು ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡ ಮುದುಕಿಯ ಬಾಯಿಂದ ಆ ಕಥೆಯೇ ತಪ್ಪಿಸಿಕೊಂಡು ಬರುವುದು ಇನ್ನೊಂದು. ನಾಟಕ ಶುರುವಾಗುವುದು ಪಾಳುಗುಡಿಯಲ್ಲಿ. ಊರಿನ ಮನೆಗಳಲ್ಲಿ ದೀಪ ಆರಿದ ಮೇಲೆ ಜ್ಯೋತಿಗಳು ಅಲ್ಲಿ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತವೆ. ಒಂದು ಜ್ಯೋತಿ ಬಂದ ಮನೆಯಲ್ಲಿ ಹಾಸಿಗೆ ಹಿಡಿದ ಮುದಿತಾಯಿಯ ಕೆಮ್ಮು, ಕಫ, ಬೆನ್ನಿನ ಹುಣ್ಣುಗಳ ನಾತದ ನಡುವೆ ಗಂಡಹೆಂಡತಿ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕಳೆಯುತ್ತಿದ್ದರು. ಆ ಬೆಳಿಗ್ಗೆ ಮುದುಕಿ ತೀರಿಕೊಂಡಿದ್ದರಿಂದ ಜ್ಯೋತಿಗೆ ಬೇಗ ಬಿಡುಗಡೆ ಸಿಕ್ಕಿದೆ. ಕಥಾಚೌಕಟ್ಟಿನ ಅಲಂಕಾರವೆಂದು ಪಕ್ಕಕ್ಕಿಡುವಷ್ಟು ಹಗುರವಾದ ಮಾತುಗಳಲ್ಲ ಇವು. ಪ್ರತಿ ಮನೆಯಲ್ಲೂ ಒಂದು ಮುಚ್ಚಿದ ಬಾಗಿಲಿದೆ, ರಾಣಿಯ ಮನೆ ಅವುಗಳಲ್ಲಿ ಒಂದು ಎಂದು ಪ್ರೇಕ್ಷಕ ಮೊದಲೇ ತಿಳಿದಿರುತ್ತಾನೆ. ಹಾಗಾಗಿ ಅಪ್ಪಣ್ಣನ ಕ್ರೌರ್ಯ ಅವನೊಬ್ಬನ ಗುಣವಾಗಿ ನಿಲ್ಲದೆ ಊರಿನ ಸಂಸಾರಗಳಿಗೆಲ್ಲ ಸೇರಿದ್ದಾಗುತ್ತದೆ.

ಚಿತ್ರ ಈ ಜ್ಯೋತಿಗಳನ್ನು ಬಿಟ್ಟು ರಾಣಿಯ ಕಥೆಯನ್ನೇ ನೇರವಾಗಿ ಹಿಡಿಯಿತು. ಅದರಿಂದ ಆದ ಲಾಭವನ್ನು ಮೊದಲು ಒಪ್ಪಬೇಕು. ಗೋಪಾಲ ವಾಜಪೇಯಿ ಅವರ ಉತ್ತರ ಕರ್ನಾಟಕದ ಮಾತು ಮತ್ತು ಹಾಡು, ಸಿ. ಅಶ್ವತ್ಥ್ ಅವರ ಸಂಗೀತ ಪಾತ್ರಗಳಿಗೆ ನೆಲ ಕೊಟ್ಟವು. ರಂಗದ ಮೇಲೆ ಒಂಟಿ ರಾಣಿ ತನ್ನಷ್ಟಕ್ಕೆ ಮಾತಾಡಿಕೊಳ್ಳುವುದನ್ನು ಪ್ರೇಕ್ಷಕ ಸಹಜವಾಗಿ ಒಪ್ಪುತ್ತಾನೆ. ಕ್ಯಾಮೆರಾ ಎದುರಿನ ಸ್ವಗತ ಕೃತಕವಾಗಿ ಕೇಳುತ್ತದೆ. ಚಿತ್ರದಲ್ಲಿ ಅವಳು ಕಂಬದ ಮೇಲಿನ ಗೊಂಬೆಯನ್ನು ಮಾತಾಡಿಸುತ್ತ ಹಾಡುತ್ತಾಳೆ. ಮನೆಯಲ್ಲಿ ಅವಳ ಮಾತಿಗೆ ಕಿವಿಯಾಗಬಲ್ಲದ್ದು ಮರದ ಗೊಂಬೆ ಮಾತ್ರ ಎಂಬುದನ್ನು ಆ ಹಾಡು ವಿವರಣೆಯಿಲ್ಲದೆ ಮುಟ್ಟಿಸುತ್ತದೆ. ರೂಪಾಂತರ ಎಂದರೆ ಇದು. ಅಪ್ಪಣ್ಣ ಮತ್ತು ನಾಗ ಎರಡನ್ನೂ ಪ್ರಕಾಶ್ ರೈ ಒಬ್ಬರೇ ನಿರ್ವಹಿಸಿದ್ದರಿಂದ ಪ್ರೇಕ್ಷಕನಿಗೆ ಗೊತ್ತಿದ್ದು ರಾಣಿಗೆ (ವಿಜಯಲಕ್ಷ್ಮಿ) ಗೊತ್ತಿಲ್ಲ ಎಂಬ ಎಳೆತವೂ ಉಳಿಯಿತು. ಕುರುಡಿ ತಾಯಿ ಕುರುಡವ್ವನನ್ನು ಹೊತ್ತು ತಿರುಗುವ ಕಪ್ಪಣ್ಣನಾಗಿ, ಸಾಗರದ ಬಳಿಯ ಹೆಗ್ಗೋಡಿನ ನೀನಾಸಮ್‌ನಲ್ಲಿ ಕಲಿತ ಮಂಡ್ಯ ರಮೇಶ್ ರಂಗದ ದೇಹಭಾಷೆಯನ್ನೇ ತೆರೆಗೆ ತಂದರು. ಆದರೆ ನಷ್ಟವೂ ಸಣ್ಣದಲ್ಲ. ಸುತ್ತಲಿನ ಮನೆಗಳ ಪಿಸುಮಾತು ಇಲ್ಲವಾದ ಮೇಲೆ ಅಪ್ಪಣ್ಣ ಒಬ್ಬ ಕೆಟ್ಟ ಗಂಡನಾಗಿ ಉಳಿಯುತ್ತಾನೆ, ರಾಣಿಯದು ಒಬ್ಬ ನತದೃಷ್ಟೆಯ ಪಾಡಾಗುತ್ತದೆ.

ಮಾತಾಡುವ ಜ್ಯೋತಿಗಳು ರಂಗಭೂಮಿಯ ತಂತ್ರ, ಸಿನಿಮಾಕ್ಕೆ ಅವು ಒಗ್ಗುವುದಿಲ್ಲ ಎಂದು ಆಕ್ಷೇಪಿಸಬಹುದು. ಜ್ಯೋತಿಗಳು ಒಗ್ಗದಿರಬಹುದು, ಕೇಳುಗರು ಒಗ್ಗುತ್ತಾರೆ. ಕುರೊಸಾವಾನ ‘ರಾಶೊಮೊನ್’ (1950) ಚಿತ್ರದಲ್ಲಿ ಹಾಳುಬಿದ್ದ ಹೆಬ್ಬಾಗಿಲ ಕೆಳಗೆ ಮಳೆಗೆ ನಿಂತ ಮೂವರು ಇಡೀ ಪ್ರಕರಣವನ್ನು ಹೇಳುತ್ತಾರೆ, ಕೇಳುತ್ತಾರೆ, ಜಗಳವಾಡುತ್ತಾರೆ. ಅಷ್ಟು ದೂರ ಹೋಗುವುದೂ ಬೇಡ. ತೀರ್ಥಹಳ್ಳಿ ಸೀಮೆಯವರೇ ಆದ ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಅದೇ ಸೀಮೆಯ ಗಿರೀಶ ಕಾಸರವಳ್ಳಿ 1977ರಲ್ಲಿ ‘ಘಟಶ್ರಾದ್ಧ’ವಾಗಿ ತೆರೆಗೆ ತಂದಾಗ, ಯಮುನಾಳ ಮನೆಯ ಸಂಕಟವನ್ನು ಪಾಠಶಾಲೆಯ ಹುಡುಗ ನಾಣಿಯ ಕಣ್ಣಿನಲ್ಲಿ ಇಟ್ಟರು. ಅದರ ಮೂಲ ನಾಟಕವಲ್ಲ, ನಿಜ. ಆದರೂ ಸಾಕ್ಷಿಯೊಬ್ಬನಿದ್ದರೆ ಮನೆಯ ಗುಟ್ಟು ಊರಿನ ನೈತಿಕ ಪ್ರಶ್ನೆಯಾಗುತ್ತದೆ ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ. ಕಾರ್ನಾಡರ ‘ಅಗ್ನಿ ಮತ್ತು ಮಳೆ’ಯನ್ನು ಅರ್ಜುನ್ ಸಜ್ನಾನಿ 2002ರಲ್ಲಿ ‘ಅಗ್ನಿವರ್ಷ’ ಎಂದು ಹಿಂದಿಯಲ್ಲಿ ಚಿತ್ರಿಸಿದಾಗ ನಾಟಕದೊಳಗಿನ ನಾಟಕ ಉಳಿದುಕೊಂಡಿತು, ಅಣ್ಣತಮ್ಮಂದಿರ ವೈರ ಸ್ಫೋಟಿಸುವುದೇ ಅಲ್ಲಿ ಆದ್ದರಿಂದ. ಕಥೆಯ ಒಳಗೆ ಬೇರೂರಿದ ಪ್ರೇಕ್ಷಕರನ್ನು ಕತ್ತರಿಸಲಾಗದು. ಹೊರಗೆ ನಿಂತವರನ್ನು ಸುಲಭವಾಗಿ ಕತ್ತರಿಸುತ್ತಾರೆ. ಸಿನಿಮಾ ಪ್ರೇಕ್ಷಕನೇ ಕೇಳುಗನಲ್ಲವೇ ಎಂಬ ಇನ್ನೊಂದು ಆಕ್ಷೇಪವೂ ಇದೆ. ಆದರೆ ಕತ್ತಲಲ್ಲಿ ಕೂತ ಅವನು ಕಥೆಗೆ ಉತ್ತರ ಕೊಡಲಾರ. ಜ್ಯೋತಿಗಳು ಕೊಡುತ್ತವೆ.

ಉತ್ತರ ಕೊಡುವುದು ಏಕೆ ಮುಖ್ಯ ಎಂಬುದು ಮುಕ್ತಾಯದಲ್ಲಿ ಕಾಣುತ್ತದೆ. ರಾಣಿಯ ಕೂದಲಲ್ಲಿ ನಾಗ ತಾನೇ ಉರುಲು ಹಾಕಿಕೊಂಡು ಸಾಯುವಲ್ಲಿಗೆ ನಾಟಕ ಒಮ್ಮೆ ಮುಗಿಯುತ್ತದೆ. ಕೇಳಿದವರಿಗೆ ತೃಪ್ತಿಯಿಲ್ಲ. ಆಗ ಇನ್ನೊಂದು ಮುಕ್ತಾಯ: ಜೀವಂತ ಹಾವನ್ನು ರಾಣಿ ತನ್ನ ತುರುಬಿನಲ್ಲಿ ಅಡಗಿಸಿಡುತ್ತಾಳೆ. ಅಂದರೆ ಅವಳಿಗೆ ಎಲ್ಲ ಗೊತ್ತು, ಗೊತ್ತಿದ್ದೂ ಸಂಸಾರ ನಡೆಸುತ್ತಾಳೆ. ಕೇಳುಗರ ಒತ್ತಾಯವಿಲ್ಲದಿದ್ದರೆ ಈ ಎರಡನೆಯ ಬಾಗಿಲು ತೆರೆಯಲು ದಾರಿಯೇ ಇಲ್ಲ. ಇಂಥ ಇನ್ನೊಂದು ನಾಟಕವನ್ನು ತೆರೆಗೆ ತರಲು ಯಾರಾದರೂ ಹೊರಟರೆ ಇದೇ ಲೆಕ್ಕ ಅವರ ಎದುರಿಗೂ ಬರುತ್ತದೆ. ಕುವೆಂಪು ‘ಹ್ಯಾಮ್ಲೆಟ್’ ಅನ್ನು ಬಿದನೂರಿನ ಅರಮನೆಗೆ ಒಗ್ಗಿಸಿ ಬರೆದ ‘ರಕ್ತಾಕ್ಷಿ’ಗೆ, ಇಂದು ಹೊಸನಗರ ತಾಲ್ಲೂಕಿನ ನಗರವಾಗಿರುವ ಆ ಬಿದನೂರಿನ ಕೋಟೆ ಹೊರಾಂಗಣವನ್ನೇನೋ ಒದಗಿಸೀತು, ಅರಮನೆಯ ಕೊಲೆಯನ್ನು ಪಿಸುಗುಟ್ಟುವ ಊರಿನ ಕಿವಿಗಳನ್ನು ಚಿತ್ರಕಥೆಯೇ ಹುಡುಕಿಕೊಳ್ಳಬೇಕಾಗುತ್ತದೆ.