ಹಳೆಯ ಮನೆ, ಕನ್ನಡದ ಚೀಟು

ಕುಂಬಳೆ ಸೀಮೆಯ ಗುಡ್ಡವೊಂದರ ಬುಡದಲ್ಲಿ, ಅಡಿಕೆ ತೋಟದ ನಡುವೆ ಇರುವ ಹಳೆಯ ಮನೆಯೊಂದನ್ನು ನಮ್ಮ ಬಂಧುಗಳೊಬ್ಬರು ಕಳೆದ ವರ್ಷ ಕ್ರಯಕ್ಕೆ ಪಡೆದರು. ಮಳೆಗಾಲ ಕಳೆದ ಮೇಲಿನ ಒಂದು ಭಾನುವಾರ ಹಿರಿಯರು, ಮಕ್ಕಳು, ಮೊಮ್ಮಕ್ಕಳೆಲ್ಲ ಕೂಡಿ ನಾವು ಆ ಮನೆಯನ್ನು ನೋಡಲು ಹೋದೆವು. ಅಂದು ಅಲ್ಲಿ ಕಂಡದ್ದನ್ನೂ ಓದಿದ್ದನ್ನೂ ಸಂಘದ ಬಾಂಧವರ ಮುಂದಿಡುವುದು ಈ ಬರಹದ ಉದ್ದೇಶ.

ಮುರಕಲ್ಲಿನ ಗೋಡೆ, ಹಲಸಿನ ಮರದ ಕಂಬಗಳ ಜಗಲಿ, ಒಳಗೆ ವಿಶಾಲವಾದ ಚಾವಡಿ, ಅದರಾಚೆ ಭತ್ತ ತುಂಬುತ್ತಿದ್ದ ಪತ್ತಾಯ. ಇಂತಹ ಮನೆಗಳು ಹಿಂದೆ ಮುಳಿಹುಲ್ಲಿನ ಮಾಡಿನವು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಳಿಕ, ಅನುಕೂಲವುಳ್ಳವರ ಮನೆಗಳಿಗೆ ಮೊದಲು, ಉಳಿದವರಿಗೆ ನಿಧಾನವಾಗಿ ಹಂಚಿನ ಮಾಡು ಬಂದಿತು. ಚಾವಡಿಯಲ್ಲಿ ಕುಳಿತ ನಮ್ಮ ಹಿರಿಯರು, ಇಂತಹ ಕಡೆಯೇ ತಾವು ತಾಳಮದ್ದಳೆ ಕೇಳುತ್ತಾ ಬೆಳಗು ಮಾಡಿದ್ದನ್ನು ನೆನೆದರು.

ಮಾರಿದವರು ಮನೆಯೊಡನೆ ಕಾಗದಪತ್ರಗಳ ಒಂದು ಕಟ್ಟನ್ನೂ ಒಪ್ಪಿಸಿದ್ದರು. ಮೇಲಿನ ಪತ್ರಗಳು ಮಲಯಾಳದವು. ಅಡಿಯಲ್ಲಿದ್ದುದು ಮದ್ರಾಸು ಪ್ರಾಂತ್ಯದ ಕಾಲದ, ಛಾಪಾಕಾಗದದ ಮೇಲೆ ಕನ್ನಡದಲ್ಲಿ ಬರೆದ ಮೂಲಗೇಣಿ ಚೀಟು. 1799ರಲ್ಲಿ ಟಿಪ್ಪುವಿನ ಪತನಾನಂತರ ಕಂಪೆನಿಯ ಆಡಳಿತಕ್ಕೆ ಬಂದ ಕೆನರಾದಲ್ಲಿ ಭೂಮಿಯು ವರ್ಗದಾರನ ಹೆಸರಿನಲ್ಲಿತ್ತು. ಅವನಿಂದ ನಿಗದಿಯಾದ ಗೇಣಿಗೆ ಶಾಶ್ವತವಾಗಿ ಪಡೆದದ್ದು ಮೂಲಗೇಣಿ. ವರ್ಷದಿಂದ ವರ್ಷಕ್ಕೆ ನಡೆಯುತ್ತಿದ್ದುದು ಚಾಲಗೇಣಿ. ಗೇಣಿಯ ಲೆಕ್ಕ ಅಕ್ಕಿಯ ಮುಡಿಗಳಲ್ಲಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗವು 1967ರಲ್ಲಿ ಹೇಳಿದರೂ ಅದು ಕಾಗದದಲ್ಲೇ ಉಳಿಯಿತು. ಕೇರಳದ ಭೂಸುಧಾರಣೆಯಂತೆ 1970ರ ಜನವರಿ 1ರಿಂದ ಗೇಣಿಪದ್ಧತಿ ಕೊನೆಗೊಂಡು, ಈ ಮನೆಯ ಒಕ್ಕಲು ಕುಟುಂಬವೇ ಒಡೆತನ ಪಡೆಯಿತು. ಇಷ್ಟೂ ಚರಿತ್ರೆ ಆ ಒಂದು ಕಟ್ಟಿನಲ್ಲಿತ್ತು.

ಕನ್ನಡದ ಚೀಟನ್ನು ಓದುವುದು ಸುಲಭವಾಗಲಿಲ್ಲ. ಹಿರಿಯರಿಗೆ ಆ ಭಾಷೆ ತಿಳಿದಿತ್ತು, ಕಣ್ಣು ಮಂಜಾಗಿತ್ತು. ಕನ್ನಡ ಮಾಧ್ಯಮದಲ್ಲಿ ಓದುವ ಮೊಮ್ಮಗಳು ಅಕ್ಷರ ಕೂಡಿಸಿ ಓದಿದಳು, ಅರ್ಥ ತಿಳಿಯಲಿಲ್ಲ. ಅವಳ ತಮ್ಮನಿಗೆ ಅಕ್ಷರವೇ ಬಾರದು.

“ಅಜ್ಜಾ, ಈ ಸದ್ರಿ ಅಂದರೆ ಯಾರು?” ಎಂದು ಹುಡುಗಿ ಕೇಳಿದಳು.

“ಯಾರೂ ಅಲ್ಲ ಮಗಾ, ಮೇಲೆ ಹೇಳಿದ್ದು ಅಂತ ಅರ್ಥ. ಮುಂದೆ ಓದು.”

ಎಲ್ಲರೂ ನಕ್ಕೆವು. ಮುಂದಿನ ಸಾಲುಗಳನ್ನು ಓದಿದಾಗ ನಗು ನಿಂತಿತು. ಮನೆಯ ಹಿಂದಿನ ಗುಡ್ಡದಲ್ಲಿ ಒಂದು ಸುರಂಗವಿದೆ. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ, ಆಳೆತ್ತರಕ್ಕೆ, ಒಬ್ಬನೇ ನುಸುಳುವಷ್ಟು ಅಗಲಕ್ಕೆ ಕೊರೆದು, ಒಸರುವ ನೀರನ್ನು ತಾನಾಗಿ ಹೊರಗೆ ಹರಿಯಿಸುವ ಈ ವಿದ್ಯೆ ನಮ್ಮ ಕಡೆಯ ಹೆಮ್ಮೆ. ಆ ಸುರಂಗದ ಹಗಲಿನ ನೀರು ಮೇಲಿನ ತೋಟಕ್ಕೂ ರಾತ್ರಿಯ ನೀರು ಕೆಳಗಿನ ಹಿತ್ತಿಲಿಗೂ ಸಲ್ಲತಕ್ಕದ್ದೆಂದು ಚೀಟಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಈಚಿನ ಕ್ರಯಪತ್ರಗಳಲ್ಲಿ ಸರ್ವೆ ನಂಬ್ರ, ವಿಸ್ತೀರ್ಣ, ಎಲ್ಲೆಗಳು ಮಾತ್ರ ಇದ್ದುವು. ನೀರಿನ ಮಾತು ಎಲ್ಲೋ ಬಿಟ್ಟುಹೋಗಿತ್ತು.

ನಮ್ಮ ಬಂಧುಗಳು ಅಂಗಳದವರೆಗೆ ವಾಹನ ಬರಲೆಂದು ನೀರಿನ ಕಣಿಯನ್ನು ಮುಚ್ಚಿಸುವವರಿದ್ದರು. ಕೆಲಸದವರಿಗೆ ಮುಂಗಡವನ್ನೂ ಕೊಟ್ಟಾಗಿತ್ತು. ಕೆಳಗಿನ ಹಿತ್ತಿಲಿನಲ್ಲಿರುವುದು ಮನೆಮಾತು ಮಲಯಾಳವಾದ ಒಂದು ಕುಟುಂಬ. ಆ ಮನೆಯ ಅಮ್ಮನನ್ನು ಕರೆಸಿ ಚೀಟಿನ ಸಂಗತಿ ತಿಳಿಸಿದಾಗ ಅವರು, “ರಾತ್ರಿ ನೀರು ನಮ್ಮದೆಂದು ನಮ್ಮ ಅತ್ತೆ ಹೇಳುತ್ತಿದ್ದರು. ತೋರಿಸಲು ನಮ್ಮಲ್ಲಿ ಕಾಗದ ಇರಲಿಲ್ಲ” ಎಂದರು. ಅವರ ಹಕ್ಕನ್ನು ಇಷ್ಟು ಕಾಲ ಕಾದಿಟ್ಟದ್ದು ಅವರಿಗೆ ಓದಲು ಬಾರದ ಕನ್ನಡದ ಹಾಳೆ. ಕಣಿ ಹಾಗೆಯೇ ಉಳಿಯಿತು. ವಾಹನದ ದಾರಿಯನ್ನು ತೋಟದ ಇನ್ನೊಂದು ಬದಿಗೆ ತಿರುಗಿಸಲಾಯಿತು.

ಗಡಿನಾಡಿನ ಕನ್ನಡವೆಂದಾಗ ನಾವು ಗೋವಿಂದ ಪೈಗಳನ್ನೂ ಕಯ್ಯಾರರನ್ನೂ ನೆನೆಯುತ್ತೇವೆ, ನೆನೆಯಲೇಬೇಕು. ಅವರ ಕೃತಿಗಳು ಮುದ್ರಣದಲ್ಲಿ ಉಳಿದಿವೆ. ನಮ್ಮ ಪೆಟ್ಟಿಗೆಗಳಲ್ಲಿರುವ ಗೇಣಿ ಚೀಟು, ಪಾಲುಪಟ್ಟಿ, ಹಳೆಯ ಲೆಕ್ಕದ ಪುಸ್ತಕಗಳಿಗೆ ಇರುವುದು ಒಂದೇ ಪ್ರತಿ. ಒರಲೆ ಹಿಡಿದರೆ ಅವು ಹೋದುವು. ಓದುವವರಿಲ್ಲದಿದ್ದರೆ ಒರಲೆ ಹಿಡಿಯುವ ಮುನ್ನವೇ ಹೋದಂತೆ. ಮನೆ ಮಾರುವವರೂ ಕೊಳ್ಳುವವರೂ ಆ ಕಟ್ಟುಗಳನ್ನು ಬಿಚ್ಚಿ, ಹಿರಿಯರಿರುವಾಗಲೇ ಮಕ್ಕಳ ಕೈಯಲ್ಲಿ ಓದಿಸಿ, ಪ್ರತಿ ಮಾಡಿಸಿಡಬೇಕೆಂದು ನಮ್ಮ ವಿನಂತಿ.

ಅಂದು ಸಂಜೆ ಹೊರಡುವಾಗ ಹುಡುಗ ಅಕ್ಕನ ಪಕ್ಕದಲ್ಲಿ ಜಗಲಿಯ ಮೇಲೆ ಕುಳಿತಿದ್ದ. ಚೀಟಿನ ಮೊದಲ ಸಾಲಿನ ಮೇಲೆ ಅವಳ ಬೆರಳಿತ್ತು. ಅವನು ಒಂದೊಂದೇ ಅಕ್ಷರ ಹೇಳುತ್ತಿದ್ದ.